ಮಣಿಕಟ್ಟಿನ ಹಿಡಿತ

ದೀಕ್ಷಿತಾ ಬೆಂಚಿನ ಮೇಲಿಂದ ಹಿಂದಕ್ಕೆ ಬೀಳುವ ದೃಶ್ಯವನ್ನು ನಾಟಕದ ಐವರು ಆ ಹೊತ್ತಿಗೆ ಮೂವತ್ತು ನಲವತ್ತು ಸಲವಾದರೂ ಮಾಡಿದ್ದರು. ಒಂದು ಸಲವೂ ಯಾರ ಕೈಯೂ ತಪ್ಪಿರಲಿಲ್ಲ.

ನಾಟಕಕ್ಕೆ ಬರೆದಿಟ್ಟ ಮಾತುಗಳಿರಲಿಲ್ಲ. ಫೆಬ್ರವರಿ ಕೊನೆಯ ಅಂತರಕಾಲೇಜು ನಾಟಕೋತ್ಸವಕ್ಕೆ ಈ ಸಲ ನಾವೇ ಒಂದು ಕಟ್ಟುವ ಎಂದು ಹೊರಟವಳು ಎಂ.ಎ. ಮೊದಲ ವರ್ಷದ ಚೈತಾಲಿ. ಅವಳ ನಿಯಮ ಸರಳವಾಗಿತ್ತು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಕಂಡದ್ದೋ ಕೇಳಿದ್ದೋ ಒಂದು ಸಂಗತಿ ತರಬೇಕು. ವೃತ್ತದಲ್ಲಿ ಕೂತು ಹೇಳಬೇಕು. ಉಳಿದವರು ಎದ್ದು ಅದನ್ನು ಮಾಡಿ ನೋಡಬೇಕು. ನಿಂತದ್ದು ಉಳಿಯುತ್ತದೆ, ಬಿದ್ದದ್ದು ಹೋಗುತ್ತದೆ. ಮಂಗಳೂರಿನ ಆ ಕಾಲೇಜಿನ ಮೂರನೇ ಮಹಡಿಯಲ್ಲಿ ಮುರಿದ ಬೆಂಚುಗಳನ್ನು ರಾಶಿ ಹಾಕಿದ್ದ ಹಳೆಯ ಭೂಗೋಳದ ಕೋಣೆಯೇ ರಿಹರ್ಸಲ್ ಜಾಗ. ಎರಡು ಫ್ಯಾನುಗಳಲ್ಲಿ ಒಂದು ಮಾತ್ರ ತಿರುಗುತ್ತಿತ್ತು. ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ ಐದು ಜನ ಆ ಸೆಕೆಯಲ್ಲಿ ಬೆವರುತ್ತಿದ್ದರು: ಚೈತಾಲಿ, ಹಾಡುವ ರೇಚಲ್, ಕಾಲೇಜು ಕಬಡ್ಡಿ ತಂಡದ ಸುಜಿತ್, ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಬರುವ ದೀಕ್ಷಿತಾ, ಮತ್ತು ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ಕೌಶಲ್. ಕೌಶಲ್‌ನ ಮನೆ ಕದ್ರಿಯಲ್ಲಿ. ಅವನ ಅಪ್ಪ ಎರಡು ಹೋಟೆಲು ನಡೆಸುತ್ತಿದ್ದರು.

ದೀಕ್ಷಿತಾ ತಂದದ್ದು ತನ್ನ ಅಜ್ಜಿ ದೇಯಿಯನ್ನು. ದೇಯಿ ಬೇರೆಯವರ ಮನೆಯಲ್ಲಿ ಕುರ್ಚಿಯಲ್ಲಿ ಕೂರುವುದಿಲ್ಲ. ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲುತ್ತಾರೆ. ಮಸ್ಕತ್ತಿನಲ್ಲಿರುವ ಮಗ ಮನೆಗೆ ಸೋಫಾ ತೆಗೆಸಿಕೊಟ್ಟರೆ ಅದರ ಒಂದು ಮೂಲೆಗೆ ಬೈರಾಸು ಟವೆಲು ಹಾಸಿ, ಅದರ ಮೇಲೆ ಕೂರುತ್ತಾರೆ.

"ಯಾಕೆ ಅಂತ ಕೇಳಿದ್ರೆ ನಗ್ತಾರೆ, ಅಷ್ಟೆ" ಎಂದಳು ದೀಕ್ಷಿತಾ.

ಕೂರದ ಹೆಂಗಸು. ನಾಟಕದ ಬೆನ್ನೆಲುಬು ಅದೇ ಆಯಿತು. ಕೂರಲು ಬಿಡದ ಜಮೀನಿನ ಒಡೆಯನೊಬ್ಬ ಬೇಕಲ್ಲ ಎಂದು ಚೈತಾಲಿ ಕೌಶಲ್‌ನ ಕಡೆ ನೋಡಿ, "ನೀನು ಧನಿ ಆಗು" ಎಂದಳು. ಕೌಶಲ್ ಯೋಚಿಸಲಿಲ್ಲ. ಬೆಂಚಿನ ಮೇಲೆ ಕೂತು ಒಂದು ಪಾದವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡ. ಹೆಬ್ಬೆರಳನ್ನು ಮೆಲ್ಲಗೆ ತಿಕ್ಕುತ್ತ, ಗಲ್ಲವನ್ನು ಚೂರು ಎತ್ತಿ, ಎದುರು ನಿಂತವಳನ್ನು ನೋಡದೆ ಅವಳ ಹಿಂದಿನ ಗೋಡೆಯನ್ನು ನೋಡಿದ. "ನಂಗೆ ನಿಜವಾಗಿ ಹೆದರಿಕೆ ಆಯ್ತು" ಎಂದಳು ರೇಚಲ್. ಕೌಶಲ್‌ಗೆ ಹೆಮ್ಮೆಯಾಯಿತು. ಮನೆಗೆ ಹೋಗಿ ಚಪ್ಪಲಿ ಬಿಡುವಾಗ ವರಾಂಡದಲ್ಲಿ ಅಜ್ಜ ಸಂಕಪ್ಪ ಹಾಗೆಯೇ ಕೂತು ಪೇಪರು ಓದುತ್ತಿದ್ದುದನ್ನು ಕಂಡ ಮೇಲೆ ಆ ಹೆಮ್ಮೆ ಉಳಿಯಲಿಲ್ಲ.

ಮರುದಿನ ಕಾಲೇಜಿನ ಕೆಳಗಿನ ಚಾದ ಅಂಗಡಿಯಲ್ಲಿ ಅವನು ದೀಕ್ಷಿತಾಳಿಗೆ ಒಂದು ಸಂಗತಿ ಹೇಳಿದ. ಅಜ್ಜ ಊರಿನಲ್ಲಿದ್ದಾಗ, ಐವತ್ತು ವರ್ಷದ ಹಿಂದೆ, ಒಕ್ಕಲಿನ ಹೆಂಗಸೊಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು. ಸುತ್ತಮುತ್ತ ಕಾರು ಇದ್ದದ್ದು ಅಜ್ಜನಲ್ಲಿ ಮಾತ್ರ. ಅಜ್ಜ ಆ ಕಾರಿನಲ್ಲಿ ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿದರು. ತಾಯಿ ಮಗು ಇಬ್ಬರೂ ಉಳಿದರು. ಮನೆಗೆ ನೆಂಟರು ಬಂದಾಗಲೆಲ್ಲ ಅಜ್ಜ ಈ ಕಥೆ ಹೇಳುತ್ತಾರೆ.

"ಸಣ್ಣವನಿರುವಾಗ ನಂಗೆ ತುಂಬಾ ಇಷ್ಟ ಅದು" ಎಂದ ಕೌಶಲ್. "ಆದ್ರೆ ಕೊನೆಗೆ ಒಂದು ಮಾತುಂಟು. 'ಸೀಟಿಗೆ ಗೋಣಿ ಹಾಸು, ಆಮೇಲೆ ಕೂತುಕೋ ಅಂದೆ. ಹೊಸ ಕಾರಲ್ವಾ' ಅಂತ ಹೇಳಿ ನಗ್ತಾರೆ. ಎಲ್ರೂ ನಗ್ತಾರೆ. ನಾನೂ ನಗ್ತಿದ್ದೆ."

ದೀಕ್ಷಿತಾ ಗ್ಲಾಸನ್ನು ಮೇಜಿನ ಮೇಲೆ ಇಟ್ಟಳು.

"ಇದು ನಾಟಕಕ್ಕಲ್ಲ, ಆಯ್ತಾ. ನಿಂಗೆ ಹೇಳಿದ್ದು" ಎಂದ ಕೌಶಲ್. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಸ್ಸು ಬಂತೆಂದು ಎದ್ದು ಹೋದಳು.

ಅದಾಗಿ ನಾಲ್ಕು ದಿನಕ್ಕೆ ಅವಳು ಬಿದ್ದದ್ದು. ಪ್ರದರ್ಶನಕ್ಕೆ ಒಂಬತ್ತು ದಿನ ಇತ್ತು.

ದೃಶ್ಯ ಹೀಗಿತ್ತು. ಕೂರದ ಹೆಂಗಸು ಒಂದೊಂದೇ ಬೆಂಚು ಹತ್ತಿ, ಮೇಜಿನ ಮೇಲೆ ಇಟ್ಟ ಕೊನೆಯ ಬೆಂಚನ್ನು ತಲುಪುತ್ತಾಳೆ. ಅಲ್ಲಿಂದ ಧನಿಯ ಮಾತುಗಳನ್ನು ತಾನೇ ಆಡುತ್ತಾಳೆ. ಆ ಹೊತ್ತಿಗೆ ಧನಿಯಾಗಿದ್ದ ಕೌಶಲ್ ಕೆಳಗಿಳಿದು ಉಳಿದವರ ಜೊತೆ ಸೇರಿರುತ್ತಾನೆ. ಅವಳು ಹಿಂದಕ್ಕೆ ಬೀಳುತ್ತಾಳೆ, ನಾಲ್ವರು ಹಿಡಿಯುತ್ತಾರೆ. ಕಾಲಿನ ಕಡೆ ಚೈತಾಲಿ ಮತ್ತು ರೇಚಲ್, ಹೆಗಲಿನ ಕಡೆ ಕೌಶಲ್ ಮತ್ತು ಸುಜಿತ್. ಹಿಡಿತ ಕಲಿಸಿದವನು ಸುಜಿತ್. ಬೆರಳಿಗೆ ಬೆರಳು ಹೆಣೆಯಬಾರದು, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯಬೇಕು. "ಒಬ್ಬನ ಕೈ ಜಾರಿದ್ರೂ ಇನ್ನೊಬ್ಬನದ್ದು ಇರ್ತದೆ" ಎಂದು ಅವನು ಮೊದಲ ದಿನವೇ ಹೇಳಿದ್ದ.

ಆ ದಿನ ದೀಕ್ಷಿತಾ ಮೇಲೆ ನಿಂತು, ಎಂದಿನ ಮಾತು ಮುಗಿಸಿದ ಮೇಲೆ, ಬೀಳುವ ಮೊದಲು, ಇನ್ನೊಂದು ಸೇರಿಸಿದಳು. "ಸೀಟಿಗೆ ಗೋಣಿ ಹಾಸು, ಆಮೇಲೆ ಕೂತುಕೋ. ಹೊಸ ಕಾರಲ್ವಾ." ಹೇಳಿ ನಕ್ಕಳು.

ಕೌಶಲ್‌ಗೆ ಕಿವಿ ಬಿಸಿಯಾದದ್ದು ನೆನಪಿದೆ. ಅಜ್ಜನ ನಗು ಅವಳ ಬಾಯಲ್ಲಿ ಹಾಗೆಯೇ ಇತ್ತು. ಅವನು ಆ ನಗುವನ್ನು ಅವಳಿಗೆ ಮಾಡಿ ತೋರಿಸಿರಲಿಲ್ಲ. ಅವಳು ವಾಲಿದಳು. ಅವನ ಬೆರಳುಗಳು ಬಿಚ್ಚಿಕೊಂಡವು. ಸುಜಿತ್‌ನ ಬೆವರಿದ ಅಂಗೈ ಒಂದು ಕ್ಷಣ ಅವನ ಮಣಿಕಟ್ಟನ್ನು ಒಂಟಿಯಾಗಿ ಹಿಡಿದು, ಜಾರಿತು. ದೀಕ್ಷಿತಾಳ ಹೆಗಲು ಇಬ್ಬರ ನಡುವೆ ಕೆಳಗೆ ಹೋಯಿತು. ಅವಳ ಎಡಗೈ ಸಿಮೆಂಟು ನೆಲಕ್ಕೆ ಬಡಿದ ಸದ್ದು ರೇಚಲ್‌ಗೆ ಆಮೇಲೆ ಎಷ್ಟೋ ದಿನ ಕೇಳುತ್ತಿತ್ತಂತೆ.

ಅವಳು ಅಳಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತಳು. ಮುಖ ಬಿಳಿಚಿತ್ತು.

"ನನ್ನದೇ" ಎಂದ ಸುಜಿತ್. "ನನ್ನ ಕೈ ಬೆವರಿತ್ತು. ಜಾರಿ ಹೋಯ್ತು. ನನ್ನದೇ ತಪ್ಪು."

ಆಗ ಕೌಶಲ್ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆ ನಿಮಿಷ ಗಾಬರಿ ಎಂದುಕೊಂಡ. ರಿಕ್ಷಾದಲ್ಲಿ, ಅವಳಿಗೆ ನೋಯುತ್ತಿರುವಾಗ ಬೇಡ ಎಂದುಕೊಂಡ. ಎಕ್ಸ್‌ರೇ ನೋಡಿದ ಡಾಕ್ಟರು ಮಣಿಕಟ್ಟಿನ ಹತ್ತಿರ ಎಲುಬಿನಲ್ಲಿ ಸಣ್ಣ ಸೀಳು ಉಂಟು, ಮೂರು ವಾರ ಪ್ಲಾಸ್ಟರು ಎಂದಾಗ ಇನ್ನು ಹೇಳಿ ಏನು ಎಂದುಕೊಂಡ.

ಆಸ್ಪತ್ರೆಯ ಬೆಂಚಿನಲ್ಲಿ ಚೈತಾಲಿ ಮೆಲ್ಲಗೆ ಹೇಳಿದಳು, "ಅಪೊಲೋನಿಯಾ ಮಿಸ್ಸಿಗೆ ಗೊತ್ತಾದ್ರೆ ನಾಟಕ ಕ್ಯಾನ್ಸಲ್. ಮೆಟ್ಟಿಲಲ್ಲಿ ಜಾರಿದ್ದು ಅಂತ ಹೇಳುವ." ಅಪೊಲೋನಿಯಾ ಮಿಸ್ಸು ನಾಟಕ ಸಂಘದ ಹೊಣೆ ಹೊತ್ತ ಅಧ್ಯಾಪಕಿ. ಎಲ್ಲರೂ ದೀಕ್ಷಿತಾಳನ್ನು ನೋಡಿದರು. ಅವಳು, "ಮನೆಯಲ್ಲೂ ಹಾಗೇ ಹೇಳ್ತೇನೆ" ಎಂದಳು.

ಮರುದಿನದಿಂದ ರಿಹರ್ಸಲ್ ಮತ್ತೆ ಶುರುವಾಯಿತು. ಆದರೆ ಆ ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಬೀಳುವ ದೃಶ್ಯ ಬೇಕೇ ಬೇಕು ಎಂದಳು ದೀಕ್ಷಿತಾ. ಹಾಗಾದರೆ ಸುಜಿತ್ ಹಿಡಿಯುವುದು ಬೇಡ ಎಂದಳು ಚೈತಾಲಿ. ಅವಳು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ, ಮಾತು ಹರಿತವಾಗಿತ್ತು. "ಕಬಡ್ಡಿಯಲ್ಲಿ ತೊಂಬತ್ತು ಕಿಲೋದವರನ್ನು ಹಿಡಿಯುವವ ನೀನು. ಒಂದು ಹುಡುಗಿಯನ್ನು ಹಿಡಿಯಲಿಕ್ಕೆ ಆಗ್ಲಿಲ್ಲ ಅಲ್ವಾ."

ಸುಜಿತ್ ತಲೆ ತಗ್ಗಿಸಿ ನಿಂತ. ಮರುದಿನ ಅಂಗೈಗೆ ಹಚ್ಚುವ ಬಿಳಿ ಪುಡಿ ತಂದ. ಬಾಗಿಲ ಬಳಿ ನಿಂತು ಅದನ್ನು ಎರಡೂ ಕೈಗೆ ತಿಕ್ಕಿಕೊಂಡು, ಬೆಂಚಿನ ಕಾಲನ್ನು ಹಿಡಿದು ಎಳೆದು ನೋಡುತ್ತಿದ್ದ. ಬೆಳಿಗ್ಗೆ ಮೈದಾನದಲ್ಲಿ ಕಬಡ್ಡಿ ಪ್ರ್ಯಾಕ್ಟೀಸು ನಡೆಯುವಾಗ ಕೌಶಲ್ ಬೇಲಿಯ ಈಚೆ ನಿಂತು ನೋಡಿದ. ಎದುರಾಳಿಯ ಮಣಿಕಟ್ಟಿಗೆ ಕೈ ಹಾಕಲು ಹೋದ ಸುಜಿತ್, ಕೊನೆಯ ಗಳಿಗೆಯಲ್ಲಿ ಕೈ ಹಿಂತೆಗೆದ. ಕೋಚ್ ಬೈದರು. ಕೌಶಲ್ ಅಲ್ಲಿಂದ ಬೇಗ ಬೇಗ ನಡೆದ.

ಆ ದಿನ ಸಂಜೆ ಅವನು ಮನೆಗೆ ಬಂದಾಗ ಅಜ್ಜ ವರಾಂಡದಲ್ಲಿ ಒಬ್ಬರೇ ಇದ್ದರು. ಎಂಬತ್ತನಾಲ್ಕು ವರ್ಷದ ಸಂಕಪ್ಪ ಊಟ ಮಾಡುವ ಮೊದಲು ಮೊಮ್ಮಗ ಬಂದನೇ ಎಂದು ಕೇಳುವವರು. ಅವನ ಮೊದಲ ಸೈಕಲಿನ ಹಿಂದೆ ಕದ್ರಿ ಪಾರ್ಕಿನ ಸುತ್ತ ಓಡಿದವರು.

"ನಿನ್ನ ನಾಟಕ ಶನಿವಾರವಾ? ಮುಂದಿನ ಸಾಲಿನಲ್ಲಿ ಒಂದು ಸೀಟು ಹಿಡಿದಿಡು. ನಂಗೆ ಹಿಂದಿನಿಂದ ಕೇಳುವುದಿಲ್ಲ."

ಕೌಶಲ್ ಅವರ ಪಕ್ಕ ಕೂತ. "ಅಜ್ಜ, ಆ ಕಾರಿನ ಕಥೆ. ಅವಳಿಗೆ ಗೋಣಿ ಯಾಕೆ ಹಾಸಲಿಕ್ಕೆ ಹೇಳಿದ್ದು?"

"ಹೊಸ ಕಾರು ಮಾರಾಯ" ಎಂದು ಅಜ್ಜ ನಗಲು ಹೊರಟರು. ಮೊಮ್ಮಗ ನಗಲಿಲ್ಲ. ಅಜ್ಜನ ನಗು ಅರ್ಧಕ್ಕೆ ನಿಂತಿತು.

"ನಮ್ಮ ಮನೆಯವರು ಯಾರಾದ್ರೂ ಹಾಗೆ ನೋವಿನಲ್ಲಿ ಇದ್ದಿದ್ರೆ ಹಾಸಿಸ್ತಿದ್ರಾ?"

ಅಜ್ಜ ಪೇಪರನ್ನು ಮಡಚಿದರು, ಮತ್ತೆ ಬಿಡಿಸಿದರು. "ಆಗ ಹಾಗೇ ಇತ್ತು" ಎಂದರು. ಆಮೇಲೆ, "ಇಷ್ಟು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ ಅದನ್ನು" ಎಂದರು.

"ಅವಳ ಹೆಸರು ಎಂತ?"

"ಅಕ್ಕು." ಉತ್ತರ ತಕ್ಷಣ ಬಂತು. ಕೌಶಲ್‌ಗೆ ಆಶ್ಚರ್ಯವಾಯಿತು. ನೂರು ಸಲ ಹೇಳಿದ ಕಥೆಯಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ.

"ನಾಟಕದಲ್ಲಿ ಆ ಮಾತುಂಟು ಅಜ್ಜ."

ಅಜ್ಜ ಪೇಪರನ್ನು ಬದಿಗೆ ಇಟ್ಟರು. ಆಮೇಲೆ ಗೋಡೆ ಹಿಡಿದು ಎದ್ದರು. "ಮೊಣಕಾಲು ಸರಿ ಇಲ್ಲ. ಶನಿವಾರ ಕಷ್ಟ ಆಗ್ತದೆ ಕಾಣ್ತದೆ" ಎಂದು ಒಳಗೆ ಹೋದರು.

ಮರುದಿನದ ರಿಹರ್ಸಲ್‌ನಲ್ಲಿ, ಚೈತಾಲಿ ಇನ್ನೂ ಶುರು ಮಾಡುವ ಮೊದಲೇ, ಸುಜಿತ್ ಕೌಶಲ್‌ನ ಎದುರು ಬಂದು ನಿಂತ. ಅವನ ಕಣ್ಣು ಕೆಂಪಾಗಿತ್ತು.

"ಒಂದು ನೋಡ್ಬೇಕು ನಂಗೆ. ನನ್ನ ಕೈ ಹಿಡಿ, ಅವತ್ತಿನ ಹಾಗೆ."

ಇಬ್ಬರೂ ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದರು.

"ಈಗ ನಾನು ಬಿಡ್ತೇನೆ. ನೀನು ಬಿಡ್ಬೇಡ" ಎಂದು ಸುಜಿತ್ ತನ್ನ ಬೆರಳು ಬಿಚ್ಚಿ ಇಡೀ ಮೈಭಾರವನ್ನು ಹಿಂದಕ್ಕೆ ಹಾಕಿದ. ಕೌಶಲ್‌ನ ತೋಳು ನಡುಗಿತು. ಕಾಲು ಒಂದಡಿ ಜಾರಿತು. ಆದರೆ ಸುಜಿತ್ ಬೀಳಲಿಲ್ಲ. ಒಬ್ಬನ ಹಿಡಿತದಲ್ಲಿ ಅವನ ಅಷ್ಟು ದೊಡ್ಡ ದೇಹ ನಿಂತಿತ್ತು.

ಸುಜಿತ್ ನೆಟ್ಟಗಾದ. "ನಿಲ್ತದೆ" ಎಂದ. ಸಿಟ್ಟೇನೂ ಇರಲಿಲ್ಲ ಆ ಸ್ವರದಲ್ಲಿ. ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವವನ ಹಾಗಿತ್ತು. "ಮೂರು ದಿನದಿಂದ ಯೋಚನೆ ಮಾಡ್ತಾ ಇದ್ದೇನೆ. ನನ್ನ ಕೈ ಜಾರಿದ್ದು ಹೌದು. ಆದ್ರೆ ನಿನ್ನದು ಇತ್ತಲ್ಲ. ಮತ್ತೆ ಅವಳು ಹೇಗೆ ಬಿದ್ದದ್ದು?"

ಎಲ್ಲರೂ ಕೌಶಲ್‌ನನ್ನು ನೋಡಿದರು. ದೀಕ್ಷಿತಾ ಕಿಟಕಿಯ ಬಳಿ ನಿಂತಿದ್ದಳು, ಪ್ಲಾಸ್ಟರಿನ ಕೈ ಕುತ್ತಿಗೆಯಿಂದ ನೇತಾಡುತ್ತಿತ್ತು. ನನ್ನದೂ ಜಾರಿತು ಎಂದು ಹೇಳಿದರೆ ಎಲ್ಲರೂ ನಂಬುತ್ತಿದ್ದರು. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಸುಜಿತ್‌ನ ಅಂಗೈಯ ಬಿಳಿ ಪುಡಿ ಕೌಶಲ್‌ನ ಮಣಿಕಟ್ಟಿಗೆ ಅಂಟಿತ್ತು.

"ನಾನು ಮೊದಲು ಬಿಟ್ಟೆ" ಎಂದ.

ರೇಚಲ್ ದೀಕ್ಷಿತಾಳ ಕಡೆ ತಿರುಗಿದಳು.

"ಬೇಕೂಂತ ಮಾಡಿದ್ದಾ?" ಕೇಳಿದವಳು ದೀಕ್ಷಿತಾ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಎಂತ ಅರ್ಥ?"

"ನೀನು ಆ ಮಾತು ಹೇಳಿದಿ. ನಕ್ಕಿ. ಕೈ ಬಿಟ್ಟು ಹೋಯ್ತು. ನಾನು ಬಿಡ್ತೇನೆ ಅಂತ ಎಣಿಸಿ ಬಿಟ್ಟದ್ದಲ್ಲ. ಆದ್ರೆ ಹಿಡಿಯಲಿಕ್ಕೆ ಆಗ್ತಿತ್ತು. ಹಿಡಿಯಲಿಲ್ಲ." ಅವನು ಮಣಿಕಟ್ಟಿನ ಪುಡಿಯನ್ನು ಒರೆಸಿಕೊಂಡ. "ಅದು ನಾಟಕಕ್ಕಲ್ಲ ಅಂತ ಹೇಳಿದ್ದೆ ನಿಂಗೆ."

"ಹೇಳಿದ್ದಿ" ಎಂದಳು ದೀಕ್ಷಿತಾ. "ಅವತ್ತು ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೇಳಿದೆ. ನಿಮಗೆ ಯಾರಾದ್ರೂ ಗೋಣಿ ಹಾಸಿ ಕೂತುಕೊಳ್ಳಲಿಕ್ಕೆ ಹೇಳಿದ್ದುಂಟಾ ಅಂತ. ಅಜ್ಜಿ ಬೀಡಿ ಕಟ್ಟುವುದನ್ನು ನಿಲ್ಲಿಸಿದ್ರು. ನಿಂಗೆ ಯಾರು ಹೇಳಿದ್ದು ಅಂತ ಕೇಳಿದ್ರು. ಅವರ ಧನಿ ಬೇರೆ ಕೌಶಲ್, ಊರು ಬೇರೆ. ಅಲ್ಲಿ ಎತ್ತಿನ ಗಾಡಿ, ನಿಮ್ಮಲ್ಲಿ ಕಾರು. ಮಾತು ಅದೇ. ಆ ನಗುವನ್ನು ನನಗೆ ಮಾಡಿ ತೋರಿಸಿದ್ದು ನಮ್ಮ ಅಜ್ಜಿ. ಇಪ್ಪತ್ತು ವರ್ಷದಿಂದ ಆ ಬೈರಾಸು ನೋಡ್ತಾ ಇದ್ದೇನೆ. ಯಾಕೆ ಅಂತ ಗೊತ್ತಾದದ್ದು ನಿನ್ನಿಂದ. ಹಾಗಾದ್ರೆ ಅದು ಯಾರ ಮಾತು? ನಿನ್ನದಾ, ನನ್ನದಾ?"

ಕೌಶಲ್ ಅವಳ ಪ್ಲಾಸ್ಟರಿನ ಕೈಯನ್ನು ನೋಡಿದ.

"ನಿಂಗೆ ಮೊದಲೇ ಹೇಳ್ಬೇಕಿತ್ತು. ಬೇಡ ಅಂತಿ ಅಂತ ಹೆದರಿ ಹೇಳ್ಲಿಲ್ಲ. ಅದು ನನ್ನ ತಪ್ಪು" ಎಂದಳು ದೀಕ್ಷಿತಾ. "ಆದ್ರೆ ನಾನು ಅಲ್ಲಿಂದ ಬೀಳುವಾಗ ಹಿಂದೆ ನೋಡುವುದಿಲ್ಲ. ಅದು ನಿಂಗೆ ಗೊತ್ತಿತ್ತು."

ಸುಜಿತ್ ಪುಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಿದ. ಮೂರು ದಿನ ನೀನು ಸುಮ್ಮನೆ ನೋಡಿದಿ ಎಂದಷ್ಟೇ ಹೇಳಿ, ಬಾಗಿಲನ್ನು ಎಳೆದುಕೊಂಡು ಹೊರಗೆ ಹೋದ. ಅವನು ಮೆಟ್ಟಿಲು ಇಳಿಯುವ ಸದ್ದು ಕೆಳಗಿನ ಮಹಡಿಯವರೆಗೂ ಕೇಳಿಸಿತು. ಚೈತಾಲಿ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಸುಜಿತ್‌ಗೆ ತಾನು ಆಡಿದ ಕಬಡ್ಡಿಯ ಮಾತು ಅವಳಿಗೆ ನೆನಪಾಗಿರಬೇಕು.

ಕೌಶಲ್ ಅಲ್ಲಿಂದ ನೇರ ಸ್ಟಾಫ್ ರೂಮಿಗೆ ಹೋದ. ಅಪೊಲೋನಿಯಾ ಮಿಸ್ಸು ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ, ಮೆಟ್ಟಿಲಿನ ಸುಳ್ಳನ್ನೂ. ಅವರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

"ಆ ಹುಡುಗಿಯ ತಲೆ ನೆಲಕ್ಕೆ ಬಡಿದಿದ್ರೆ ಈಗ ನೀನು ಎಂತ ಹೇಳ್ತಿದ್ದಿ?"

ಅವರ ತೀರ್ಮಾನ ಅದೇ ಸಂಜೆ ಬಂತು. ದೀಕ್ಷಿತಾಳ ತಾಯಿಯ ಜೊತೆ ಅವರೇ ಫೋನಿನಲ್ಲಿ ಮಾತಾಡಿದರು. ಸುಳ್ಳು ಹೇಳಿದ್ದಕ್ಕೆ ಐವರೂ ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕು. ಬೀಳುವ ದೃಶ್ಯ ಪೂರ್ತಿ ಬಿಡಬೇಕು. ಕೌಶಲ್ ವೇದಿಕೆ ಹತ್ತುವಂತಿಲ್ಲ. ಉಳಿದವರು ಬೇಕಾದರೆ ಮಾಡಬಹುದು.

ಐದು ದಿನ ಉಳಿದಿತ್ತು. ಧನಿಯ ಪಾತ್ರ ಸುಜಿತ್‌ಗೆ ಬಂತು. ಅವನು ಬರುತ್ತಾನೋ ಇಲ್ಲವೋ ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಮರುದಿನ ಮೂರೂವರೆಗೆ ಸರಿಯಾಗಿ ಬಂದ. ಚೈತಾಲಿ ಎಲ್ಲರ ಎದುರು ಅವನ ಕ್ಷಮೆ ಕೇಳಿದಳು. ಅವನು ತಲೆಯಾಡಿಸಿದ. ಆದರೆ ಬೆಂಚಿನ ಮೇಲೆ ಕೂತರೆ ಅವನು ಧನಿಯಾಗಲೇ ಇಲ್ಲ. ಕಬಡ್ಡಿ ಆಟಗಾರ ಉಸಿರು ತೆಗೆದುಕೊಳ್ಳಲು ಕೂತ ಹಾಗೆ ಕಾಣುತ್ತಿದ್ದ. ಒಂದು ಗಂಟೆ ಕಳೆದ ಮೇಲೆ ದೀಕ್ಷಿತಾಳೇ ಹೇಳಿದಳು, "ಕೌಶಲ್‌ನನ್ನು ಕರೀರಿ. ಅವನೇ ಕಲಿಸಲಿ."

ಕೌಶಲ್ ಬಂದ. ಸುಜಿತ್ ಅವನ ಮುಖ ನೋಡಲಿಲ್ಲ.

"ಬಲಗಾಲು ಎಡತೊಡೆಯ ಮೇಲೆ" ಎಂದ ಕೌಶಲ್. "ಬೆನ್ನು ಅಷ್ಟು ನೆಟ್ಟಗೆ ಬೇಡ. ಅವರಿಗೆ ಅವಸರ ಇಲ್ಲ."

ಸುಜಿತ್ ಮಾಡಿದ.

"ಗಲ್ಲ ಸ್ವಲ್ಪ ಮೇಲೆ. ಅವಳನ್ನು ನೋಡ್ಬೇಡ, ಹಿಂದಿನ ಗೋಡೆ ನೋಡು. ಸಿಟ್ಟು ಬೇಡ. ಅವರಿಗೆ ಸಿಟ್ಟು ಇರ್ಲಿಲ್ಲ. ಒಳ್ಳೆಯದು ಮಾಡ್ತಾ ಇದ್ದೇನೆ ಅಂತಲೇ ಇತ್ತು ಅವರಿಗೆ."

ಕೌಶಲ್ ನಿಲ್ಲಿಸಲಿಲ್ಲ. ಅಜ್ಜ ಕೈ ಎತ್ತುವ ಬಗೆ, ಮಾತಿನ ಕೊನೆಯ ಅಕ್ಷರವನ್ನು ಬಾಯೊಳಗೇ ಬಿಡುವ ಬಗೆ, ಎಲ್ಲವನ್ನೂ ಒಂದೊಂದಾಗಿ ಕೊಟ್ಟ. ಕೊಡುತ್ತ ಹೋದಂತೆ ಎದುರಿನ ಬೆಂಚಿನಲ್ಲಿ ಅಜ್ಜ ಬಂದು ಕೂರುತ್ತಿದ್ದರು. ನಾಲ್ಕನೆಯ ದಿನ ಸುಜಿತ್ ಗೋಡೆಯನ್ನು ನೋಡಿ ಗೋಣಿಯ ಆ ಮಾತು ಆಡಿದಾಗ ರೇಚಲ್ ಹಾಡುವುದನ್ನೇ ಮರೆತಳು.

ಹೊರಡುವಾಗ ಕೌಶಲ್ ದೀಕ್ಷಿತಾಳಿಗೆ ಹೇಳಿದ, "ಆ ಕಾರಿನಲ್ಲಿ ಹೋದವಳ ಹೆಸರು ಅಕ್ಕು ಅಂತೆ. ಬೇಕಾದ್ರೆ ಹಾಕು."

"ಬೇಡ" ಎಂದಳು ಅವಳು. "ಅಕ್ಕುವಿನ ಮನೆಯವರು ಯಾರೂ ಇಲ್ಲಿ ಇಲ್ಲ, ಹಾಕ್ಬಹುದಾ ಅಂತ ಕೇಳಲಿಕ್ಕೆ."

ಶನಿವಾರ ನಾಟಕ ನಡೆಯಿತು. ಬೀಳುವ ಬದಲು ದೀಕ್ಷಿತಾ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಕೊನೆಯ ಬೆಂಚಿನ ಮೇಲೆ ಸುಮ್ಮನೆ ನಿಂತಳು. ಬೆಳಕು ಆರುವವರೆಗೂ ನಿಂತೇ ಇದ್ದಳು. ದೇಯಿ ಬಂದಿದ್ದರು, ದೀಕ್ಷಿತಾಳ ತಾಯಿಯ ಕೈ ಹಿಡಿದುಕೊಂಡು ಕೊನೆಯ ಸಾಲಿನ ಹಿಂದೆ ನಿಂತಿದ್ದರು. ಸಂಕಪ್ಪ ಬಂದಿರಲಿಲ್ಲ. ಕೌಶಲ್ ಬಾಗಿಲ ಬಳಿ ನಿಂತು ನೋಡಿದ. ನಾಟಕಕ್ಕೆ ಯಾವ ಬಹುಮಾನವೂ ಬರಲಿಲ್ಲ. ಗತಿ ನಿಧಾನವಾಯಿತು ಎಂದು ತೀರ್ಪುಗಾರರು ಹೇಳಿದರಂತೆ.

ಆಮೇಲೆ ಪರೀಕ್ಷೆಯ ಓದಿನಲ್ಲಿ ಎಲ್ಲರೂ ಚದುರಿದರು. ಪ್ಲಾಸ್ಟರು ಬಿಚ್ಚಿದ ದಿನ ದೀಕ್ಷಿತಾ ಕೌಶಲ್‌ಗೆ ಒಂದು ಮೆಸೇಜು ಹಾಕಿದಳು, ಕೈ ಸರಿ ಇದೆ ಎಂದಷ್ಟೆ. ಸುಜಿತ್ ಮಾತ್ರ ಕಾರಿಡಾರಿನಲ್ಲಿ ಎದುರಾದರೆ ಬದಿಗೆ ಸರಿದು ಹೋಗುತ್ತಿದ್ದ. ಕೌಶಲ್ ಎರಡು ಸಲ ಮಾತಾಡಿಸಲು ನೋಡಿ, ಮೂರನೆಯ ಸಲ ಬಿಟ್ಟುಕೊಟ್ಟ. ಕೇಳುವ ಹಕ್ಕು ತನಗಿಲ್ಲ ಅನ್ನಿಸಿತು.

ಎಪ್ರಿಲ್ ಎರಡನೇ ವಾರ ಆಫೀಸಿನ ಎದುರಿನ ಉದ್ದದ ಕ್ಯೂನಲ್ಲಿ ಯಾರೋ ಅವನ ಹಿಂದೆ ಬಂದು ನಿಂತರು.

"ಹಾಲ್ ಟಿಕೆಟ್ ಇಲ್ಲೇ ಕೊಡುವುದಾ?"

ಸುಜಿತ್‌ನ ಸ್ವರ. ಕೌಶಲ್ ತಿರುಗಿದ. "ಹೌದು. ಐಡಿ ಕಾರ್ಡ್ ಬೇಕು."

"ಉಂಟು" ಎಂದ ಸುಜಿತ್. ಕ್ಯೂ ಒಂದು ಹೆಜ್ಜೆ ಮುಂದೆ ಹೋಯಿತು. ಇಬ್ಬರೂ ಒಂದು ಹೆಜ್ಜೆ ಮುಂದೆ ಹೋದರು.